ರಕ್ತದ ಗುಂಪಿಗೆ ರಾಶಿಫಲ ಬರೆಯಬೇಡಿ

ನಮಸ್ಕಾರ.

‘ನಿಮ್ಮ ರಕ್ತದ ಗುಂಪೇ ನಿಮ್ಮ ರಕ್ಷಾಕವಚ’ ಲೇಖನ ತಲುಪಿತು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೂ ಮೂರನೇ ಪುಟದಲ್ಲಿ ಕಾಲರಾ ಬಗ್ಗೆ ನೀವು ಬರೆದ ಏಳೆಂಟು ಸಾಲು ಚೆನ್ನಾಗಿವೆ. ಅವಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎ, ಬಿ, ಎಬಿ, ಓ ಎಂದು ನಾಲ್ಕು ಉಪಶೀರ್ಷಿಕೆ ಹಾಕಿ, ಒಂದೊಂದರ ಕೆಳಗೂ ‘ಇವರಿಗೆ ಇಂಥ ರೋಗ ಬರುತ್ತದೆ, ಇಂಥದ್ದು ಬರುವುದಿಲ್ಲ’ ಎಂದು ತೀರ್ಪು ಕೊಟ್ಟಿದ್ದೀರಿ. ವಾರಪತ್ರಿಕೆಯ ರಾಶಿಫಲ ಓದಿದ ಹಾಗಾಯಿತು. ಓ ಗುಂಪಿನವರು ‘ಗಟ್ಟಿ ಜೀವ’ ಅನ್ನುತ್ತೀರಿ. ಮಲೇರಿಯಾದ ಮಟ್ಟಿಗೆ ಅದಕ್ಕೆ ಆಧಾರವಿದೆ. ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿ ಹೊಕ್ಕ ಕೆಂಪು ಕಣ ಅಕ್ಕಪಕ್ಕದ ಕಣಗಳನ್ನು ಅಂಟಿಸಿಕೊಂಡು ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡುತ್ತದೆ. ಓ ಗುಂಪಿನಲ್ಲಿ ಈ ಅಂಟು ಸಡಿಲ. ಹಾಗಾಗಿ ಜ್ವರ ಬಂದರೂ ಪ್ರಾಣಕ್ಕೆ ಎರವಾಗುವುದು ಕಡಿಮೆ. ಅದೇ ಓ ಗುಂಪಿನವರನ್ನು ಕಾಲರಾ ಹೆಚ್ಚು ಕಾಡುತ್ತದೆ. ಎರಡೂ ಸಂಗತಿ ನಿಮ್ಮ ಲೇಖನದಲ್ಲೇ ಇವೆ, ಬೇರೆ ಬೇರೆ ಪುಟದಲ್ಲಿ. ಎದುರುಬದುರು ನಿಲ್ಲಿಸಿ ನೋಡಲೇ ಇಲ್ಲವಲ್ಲ!

ಕೋವಿಡ್ ಭಾಗವನ್ನು ಪೂರ್ತಿ ತೆಗೆಯಿರಿ. ‘ಎ ಗುಂಪಿನ ನೂರರಲ್ಲಿ 45 ಮಂದಿಗೆ ಉಸಿರಾಟ ಕೈಕೊಡುತ್ತದೆ’ ಎಂದಿದ್ದೀರಿ. 2020ರಲ್ಲಿ ಇಟಲಿ ಮತ್ತು ಸ್ಪೇನಿನ ರೋಗಿಗಳ ಅಧ್ಯಯನ ಹೇಳಿದ್ದು ಅದನ್ನಲ್ಲ. ಅಲ್ಲಿನ 1.45 ಎಂಬುದು ಉಳಿದ ಗುಂಪುಗಳೊಂದಿಗಿನ ಹೋಲಿಕೆ, ತಲೆ ಎಣಿಕೆಯಲ್ಲ: ಬೇರೆಯವರಲ್ಲಿ ನೂರಕ್ಕೆ ಇಬ್ಬರಿಗೆ ಆಗುವ ತೊಂದರೆ ಇವರಲ್ಲಿ ಮೂವರಿಗೆ ಆದೀತು, ಅಷ್ಟೇ. ಮರುವರ್ಷ ಅಮೆರಿಕದಲ್ಲಿ ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದವರಿಗೆ ಆ ನಂಟೂ ಕಾಣಲಿಲ್ಲ. ನಿಮ್ಮ ಸಾಲು ಓದಿದ ಎ ಗುಂಪಿನವರೊಬ್ಬರು ರಾತ್ರಿ ನಿದ್ದೆಗೆಟ್ಟರೆ ಯಾರು ಹೊಣೆ?

ಎ, ಬಿ, ಓ ಅಲ್ಲದ ಇನ್ನೊಂದು ಬಗೆಯ ರಕ್ತದ ಗುಂಪು ಡಫಿ. ಅದರ ವಿಚಾರ ಸರಿಯಾಗಿಯೇ ಇದೆ, ಜಾಗ ತಪ್ಪಿದೆ. ಪಶ್ಚಿಮ ಆಫ್ರಿಕಾದ ಬಹುಪಾಲು ಜನರ ಕೆಂಪು ಕಣಗಳಲ್ಲಿ ಡಫಿ ಪ್ರೋಟೀನ್ ಇಲ್ಲ. ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಪರಾವಲಂಬಿ ಒಳಹೊಗಲು ಬಳಸುವ ಬಾಗಿಲೇ ಅದು. ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅದಿದೆ. ಮಂಗಳೂರಿನವರಾದ ನಿಮಗೆ ವೈವಾಕ್ಸ್ ಬಗ್ಗೆ ನಾನು ಹೇಳಬೇಕೆ? ನಿಮ್ಮೂರಿನ ಓದುಗರು ‘ನನಗೂ ಈ ರಕ್ಷಣೆ ಇದೆ’ ಎಂದುಕೊಳ್ಳದ ಹಾಗೆ ಬರೆಯಬೇಕು. ಸದ್ಯಕ್ಕೆ ಇದನ್ನೂ ಬಿಡಿ.

ಉಳಿಯುವುದು ಕಾಲರಾ. ಅದನ್ನೇ ಹಿಡಿದು ಬರೆಯಿರಿ. ರಕ್ತದ ಗುಂಪು ರಕ್ತದಲ್ಲಷ್ಟೇ ಇರುತ್ತದೆ ಎಂದು ಬಹಳಷ್ಟು ಓದುಗರು ನಂಬಿದ್ದಾರೆ, ಶುರು ಅಲ್ಲಿಂದಾಗಲಿ. ಗುಂಪನ್ನು ನಿರ್ಧರಿಸುವ ಸಕ್ಕರೆ ತುಣುಕುಗಳ ಸರಪಳಿ ಕರುಳಿನ ಒಳಪದರದ ಮೇಲೂ ಇದೆ. ಓ ಗುಂಪಿನಲ್ಲಿ ಆ ಸರಪಳಿಗೆ ಕೊನೆಯ ಕೊಂಡಿ ಇರುವುದಿಲ್ಲ. ಇಂಥ ಕೋಶಗಳನ್ನು ಕಾಲರಾದ ವಿಷ ಹೆಚ್ಚು ಕೆರಳಿಸುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಬಾಂಗ್ಲಾದೇಶದ ಮತ್ಲಬ್‌ನಲ್ಲಿ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀವ್ರ ಭೇದಿಯಾದವರಲ್ಲಿ ಓ ಗುಂಪಿನವರ ಪಾಲು ದೊಡ್ಡದಿತ್ತು. ಸೋಂಕು ತಗಲುವುದಕ್ಕೂ ಸೋಂಕು ಉಲ್ಬಣಿಸುವುದಕ್ಕೂ ಇರುವ ಅಂತರ ಇಲ್ಲಿ ಮುಖ್ಯ. ನೀವು ಎರಡನ್ನೂ ‘ರೋಗ ಬರುತ್ತದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಗಂಗೆಯ ಮುಖಜಭೂಮಿಯಲ್ಲಿ ಓ ಗುಂಪು ಕಡಿಮೆ ಇದೆ. ಶತಮಾನಗಳ ಕಾಲರಾವೇ ಅದನ್ನು ಕುಗ್ಗಿಸಿತೇ ಎಂಬುದು ಸೊಗಸಾದ ಊಹೆ. ಊಹೆಯೆಂದೇ ಬರೆಯಿರಿ.

‘ಓ ಗುಂಪಿನವರು ಬೆಳ್ಳುಳ್ಳಿ ಹೆಚ್ಚು ತಿನ್ನಲಿ’ ಎಂಬ ಕೊನೆಯ ಪ್ಯಾರಾ ಹೊಡೆದುಹಾಕಿದ್ದೇನೆ. ಅಲ್ಲಿ 1971ರಲ್ಲಿ ಕಾಲರಾ ಹಬ್ಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರ ಬರಲಿ. ಸಲೈನ್ ಬಾಟಲಿ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನೋಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಕದಡಿದ ನೀರು ಕುಡಿಸಿದರು. ನೂರಕ್ಕೆ 30ರ ಆಸುಪಾಸಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಆ ನೀರಿಗೆ ರಕ್ತದ ಗುಂಪಿನ ಹಂಗಿಲ್ಲ.

ಎಂಟುನೂರು ಪದದೊಳಗೆ ಮುಗಿಸಿ. ಕೋಷ್ಟಕ ಬೇಡ, ಶೀರ್ಷಿಕೆ ನಾವೇ ಕೊಡುತ್ತೇವೆ.

— ಸಂಪಾದಕ