ಸೇನೆಯಿಂದ ನಿವೃತ್ತನಾದ ಮೇಲೆ ಆಸ್ಪತ್ರೆಯ ಚಾಪ್ಲಿನ್ ಆಗಬಹುದೇ? ಸಾವು-ನೋವು ಸಾಕಷ್ಟು ನೋಡಿದ್ದೇನೆ, ಆ ಅನುಭವ ಸಾಕಾಗುತ್ತದೆಯೇ?

ನಿಮ್ಮ ಪ್ರಶ್ನೆಯ ಕೊನೇ ಸಾಲು ಓದಿ ಚಹಾ ಲೋಟ ಕೆಳಗಿಟ್ಟೆ. "ಸಾವು-ನೋವು ಸಾಕಷ್ಟು ನೋಡಿದ್ದೇನೆ." ಚಾಪ್ಲಿನ್ ಅಂದರೆ ರೋಗಿಗಳ ಪಕ್ಕ ಕೂತು ಅವರ ಮಾತು ಕೇಳುವ ಆಸ್ಪತ್ರೆಯ ಪಾದ್ರಿ. ಅದಕ್ಕಾಗಿ 2019ರಲ್ಲಿ ಸಂದರ್ಶನಕ್ಕೆ ಕೂತಾಗ ನಾನೂ ಇದೇ ಮಾತು ಹೇಳಿದ್ದೆ. ಇಷ್ಟೇ ಹೆಮ್ಮೆಯಿಂದ.

ನಾನು ಗದಗ-ಬೆಟಗೇರಿಯವನು. ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾದ ಮನೆತನ. 1991ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಆರ್ಮಿ ಮೆಡಿಕಲ್ ಕೋರ್ (ಎಎಂಸಿ) ಸೇರಿದೆ. ಲಕ್ನೋದಲ್ಲಿ ತರಬೇತಿ, ಆಮೇಲೆ ನರ್ಸಿಂಗ್ ಅಸಿಸ್ಟೆಂಟ್. ಡ್ರೆಸ್ಸಿಂಗ್, ಡ್ರಿಪ್, ಸ್ಟ್ರೆಚರ್, ಬೆಡ್‌ಪ್ಯಾನ್, ಎಲ್ಲಾ ನಮ್ಮದೇ. 1999ರಲ್ಲಿ ಕಾರ್ಗಿಲ್ ಕದನ ನಡೆದಾಗ ಶ್ರೀನಗರದ ಬೇಸ್ ಆಸ್ಪತ್ರೆಯಲ್ಲಿದ್ದೆ. ಹೆಲಿಕಾಪ್ಟರ್ ಸದ್ದು ಕೇಳಿದರೆ ಉಣ್ಣುವ ತಟ್ಟೆ ಬಿಟ್ಟು ಓಡಬೇಕು. ಗಾಯ ನೋಡಿ ಪ್ರಯಾರಿಟಿ ಒಂದು, ಎರಡು, ಮೂರು ಅಂತ ವಿಂಗಡಿಸುತ್ತಿದ್ದರು. ಒಂದನೇ ನಂಬರಿನವರು ಸೀದಾ ಆಪರೇಷನ್ ಥಿಯೇಟರಿಗೆ. ಆ ಯುದ್ಧದಲ್ಲಿ ನಮ್ಮ 527 ಜನ ಹೋದರು. ನನ್ನ ಕೈಯಲ್ಲೇ ಜೀವ ಬಿಟ್ಟವರು ಎಷ್ಟು ಅಂತ ನಾನು ಎಣಿಸಿಲ್ಲ. ಆಮೇಲೆ ಲೇಹ್. ಅಲ್ಲಿ ಗುಂಡೇ ಬೇಕಾಗಿಲ್ಲ. ಎತ್ತರಕ್ಕೆ ಒಗ್ಗದೆ ಶ್ವಾಸಕೋಶದಲ್ಲಿ ನೀರು ತುಂಬಿ, ಸಂಜೆ ವಾಲಿಬಾಲ್ ಆಡಿದ ಹುಡುಗ ಬೆಳಗ್ಗೆ ಇರುವುದಿಲ್ಲ. ಹಾಪೋ ಅಂತೀವಿ ಅದಕ್ಕೆ.

2015ರಲ್ಲಿ ಹವಾಲ್ದಾರ್ ಆಗಿ ಹೊರಬಿದ್ದೆ. ಇಪ್ಪತ್ನಾಲ್ಕು ವರ್ಷ ಸರ್ವಿಸ್, ವಯಸ್ಸು 43. ಜೊತೆಯವರು ಬ್ಯಾಂಕ್ ಗಾರ್ಡ್ ಆದರು, ಕೆಲವರು ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ನಾನು ಮಂಗಳೂರಿನ ಬಲ್ಮಠಕ್ಕೆ ಹೋಗಿ ದೇವಶಾಸ್ತ್ರದ ಕ್ಲಾಸಿನಲ್ಲಿ ಕೂತೆ. ಪಕ್ಕದ ಬೆಂಚಿನ ಹುಡುಗರಿಗೂ ನನ್ನ ಮಗನಿಗೂ ಎರಡು-ಮೂರು ವರ್ಷ ವ್ಯತ್ಯಾಸ. "ಇಷ್ಟು ವರ್ಷ ಆಸ್ಪತ್ರೆ ವಾಸನೆ ಸಾಕಾಗಲಿಲ್ವಾ ನಿಮಗೆ?" ಅಂದಳು ಹೆಂಡತಿ. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೀಬ್ರೂ ಅಕ್ಷರ ಕಲಿಯುವಾಗ ಮಾತ್ರ ಬ್ಯಾಂಕ್ ಗಾರ್ಡ್ ಆಗಬಹುದಿತ್ತು ಅನಿಸಿದ್ದು ನಿಜ.

ಡಿಗ್ರಿ ಆದ ಮೇಲೆ ಆಸ್ಪತ್ರೆಯಲ್ಲೇ ಇದ್ದು ಕಲಿಯುವ ಇನ್ನೊಂದು ತರಬೇತಿ ಇದೆ, ಸಿಪಿಇ (ಕ್ಲಿನಿಕಲ್ ಪಾಸ್ಟರಲ್ ಎಜುಕೇಷನ್) ಅಂತಾರೆ. 1925ರಲ್ಲಿ ಅಮೆರಿಕದ ವುಸ್ಟರ್‌ನ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ಇಂಥ ತರಬೇತಿ ಶುರು ಮಾಡಿದರು. ಅವರೇ ಒಮ್ಮೆ ಬುದ್ಧಿ ಕೆಟ್ಟು ಮಾನಸಿಕ ಆಸ್ಪತ್ರೆ ಸೇರಿದ್ದವರು. ಪುಸ್ತಕ ಓದುವಷ್ಟೇ ಗಮನ ಕೊಟ್ಟು ರೋಗಿಯನ್ನು ಓದಬೇಕು ಅನ್ನೋದು ಅವರ ವಾದ. ತರಬೇತಿಯಲ್ಲಿ ಎಲ್ಲಕ್ಕಿಂತ ಕಷ್ಟದ್ದು 'ವರ್ಬ್ಯಾಟಿಮ್'. ರೋಗಿಯ ಜೊತೆ ಆಡಿದ ಮಾತನ್ನು ನೆನಪಿನಿಂದ ನಾಟಕದ ಹಾಗೆ ಸಾಲು ಸಾಲು ಬರೆದು, ನಂಬರ್ ಹಾಕಿ, ಗುಂಪಿನ ಮುಂದೆ ಓದಬೇಕು. ಉಳಿದವರು ಒಂದೊಂದು ಸಾಲನ್ನೂ ಹಿಡಿದು ಕೇಳುತ್ತಾರೆ. ಕೋರ್ಟ್ ಮಾರ್ಷಲ್ ಇದಕ್ಕಿಂತ ಮೆತ್ತಗಿರಬಹುದು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಉದ್ದ ಆಗುತ್ತೆ, ಕ್ಷಮಿಸಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

2019ರ ನವೆಂಬರ್, ಮಂಗಳವಾರ. ನರ್ಸ್ ಬಂದು, "ಆರನೇ ರೂಮಿನವರು ಪಾದ್ರಿ ಬರ್ತಾರಾ ಅಂತ ಕೇಳ್ತಿದ್ದಾರೆ" ಅಂದಳು. ಬೆಳಗಾವಿ ಕಡೆಯವರು, ಅರವತ್ತು ದಾಟಿತ್ತು. ಲಿವರ್ ಕ್ಯಾನ್ಸರ್, ಕೊನೇ ಹಂತ. ಕ್ರೈಸ್ತರಲ್ಲ. ಫೈಲಿನಲ್ಲಿ ಇಸಿಎಚ್‌ಎಸ್ ಕಾರ್ಡಿನ, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡಿನ, ಪ್ರತಿ ಇತ್ತು. ಇನ್‌ಫೆಂಟ್ರಿ, ಸುಬೇದಾರ್. ನನಗೆ ಒಳಗೊಳಗೇ ಖುಷಿ. ನಮ್ಮವರು ಸಿಕ್ಕರು ಅಂತ.

ನಾನು ಆ ವಾರ ಬರೆದ ವರ್ಬ್ಯಾಟಿಮ್ ಇನ್ನೂ ಇಟ್ಟುಕೊಂಡಿದ್ದೇನೆ. ಶುರು ಹೀಗಿದೆ. 'ರೋ' ಅಂದರೆ ರೋಗಿ, 'ಚಾ' ನಾನು.

ರೋ-1: ಅಯ್ಯನವರ, ಬಾಗಲಾ ಮುಂದ ಮಾಡ್ರಿ.
ಚಾ-1: (ಬಾಗಿಲು ಮುಂದೆ ಮಾಡಿ ಕೂತೆ) ಹೇಳಿ.
ರೋ-2: ನಿಮ್ಮ ಮುಂದ ಒಂದ್ ಮಾತ್ ಹೇಳೂದೈತ್ರಿ. ಭಾಳ ವರ್ಷದ್ದು. ನೌಕರಿಯಾಗ ಇದ್ದಾಗಿಂದು.
ಚಾ-2: ಗೊತ್ತು ಸಾಬ್, ಫೈಲ್ ನೋಡಿದೆ. ನಾನೂ ಫೌಜಿ! ಎಎಂಸಿ, ಹವಾಲ್ದಾರ್, ಇಪ್ಪತ್ನಾಲ್ಕು ವರ್ಷ.
ರೋ-3: (ದಿಂಬಿಗೆ ಒರಗಿದ್ದವರು ನೆಟ್ಟಗೆ ಕೂತರು) ಹಂಗೇನು? ಯಾವ ಕಡೆ ಇದ್ದಿ?

ಅಲ್ಲಿಂದ ಇಪ್ಪತ್ತು ನಿಮಿಷ ಮಾತೇ ಮಾತು. ಶ್ರೀನಗರ, ಲೇಹ್, ಕ್ಯಾಂಟೀನು, ಪೆನ್ಷನ್ ಬಾಕಿ. ಅವರು ಎರಡು ಸಲ ನಕ್ಕರು. ಕೊನೇ ಸಾಲು:

ರೋ-19: ಸಬ್ ಠೀಕ್ ಹೈ. ನೀ ಹೋಗು, ನಿನಗ ಮತ್ತ ಕೆಲಸಾ ಇರ್ತಾವು.

ನಾನು ರಿಜಿಸ್ಟರಿನಲ್ಲಿ "ರೋಗಿ ಸಮಾಧಾನದಿಂದಿದ್ದಾರೆ" ಅಂತ ಬರೆದು, ಬೀಗುತ್ತಾ ಊಟಕ್ಕೆ ಹೋದೆ. ಶುಕ್ರವಾರ ಗುಂಪಿನ ಮುಂದೆ ಇದನ್ನು ಓದಿದ್ದೂ ಒಳ್ಳೆ ಕೆಲಸದ ಉದಾಹರಣೆ ಅಂತಲೇ. ಓದಿ ಮುಗಿಸಿದೆ. ಕೇರಳದ ಒಬ್ಬ ಕನ್ಯಾಸ್ತ್ರೀ ಇದ್ದರು, ಕನ್ನಡ ಅಷ್ಟಕ್ಕಷ್ಟೇ. ಅವರು ಕೇಳಿದ್ದು ಎರಡೇ ಪ್ರಶ್ನೆ. "ರೋ-2ರಲ್ಲಿ ಏನೋ ಹೇಳ್ಬೇಕು ಅಂದ್ರಲ್ಲ, ಅದೇನು? ಮೊದ್ಲು ಬನ್ನಿ-ಹೋಗಿ ಅಂತಿದ್ದವರು ಆಮೇಲೆ ನೀನು ಅಂತಾರೆ, ಯಾಕೆ?"

ರೂಮಿನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ವಾದ ಮಾಡಿದೆ. ಸಲಿಗೆ ಬಂತು, ಅದಕ್ಕೇ ನೀನು ಅಂದರು ಅಂದೆ. ಅಲ್ಲ. ಸಲಿಗೆಯ 'ನೀನು' ಬೇರೆ, ಮೇಲಿನ ರ್‍ಯಾಂಕಿನ ಸುಬೇದಾರ್ ಹವಾಲ್ದಾರನಿಗೆ ಅನ್ನುವ 'ನೀನು' ಬೇರೆ. ಇಪ್ಪತ್ನಾಲ್ಕು ವರ್ಷ ಅದನ್ನು ಕೇಳಿಸಿಕೊಂಡ ನನಗೆ ಅದು ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ?

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಇದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಜಾಸ್ತಿ ಮಾತಾಡಿದ್ದು ತಪ್ಪು ಅಂತಾರೆ ಕೆಲವರು. ಮಾತು ಜಾಸ್ತಿ ಆದರೂ ರೋಗಿ ಬೇಕಾದ್ದನ್ನು ಹೇಳಿಯೇ ಹೇಳುತ್ತಾನೆ, ಹೇಳಬೇಕು ಅನಿಸಿದರೆ. ಇನ್ನು ಕೆಲವರು, ಸ್ವಂತ ಕಥೆ ಹೇಳಬಾರದಿತ್ತು ಅಂತಾರೆ. ಅದೂ ಪೂರ್ತಿ ನಿಜವಲ್ಲ. ತಪ್ಪು ಆಗಿದ್ದು ಒಂದೇ ಪದದಲ್ಲಿ. 'ಹವಾಲ್ದಾರ್.' ಆ ಮನುಷ್ಯ ಪಾದ್ರಿಯನ್ನು ಕರೆಸಿದ್ದರು. ಪಾದ್ರಿಗೆ ರ್‍ಯಾಂಕ್ ಇಲ್ಲ, ಅವನ ಮುಂದೆ ಅಳಬಹುದು. ನಾನು ಪಾದ್ರಿಯನ್ನು ಆಚೆ ಕಳಿಸಿ ಹವಾಲ್ದಾರನನ್ನು ಒಳಗೆ ಕರೆದೆ. ಸುಬೇದಾರ್ ಸಾಬ್ ಆದವನ ಜೀವಮಾನದ ಕೆಲಸವೇ ಕೆಳಗಿನವರ ಮುಂದೆ ಗಟ್ಟಿಯಾಗಿ ನಿಲ್ಲುವುದು. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಒರಗಿದ್ದವರು ನೆಟ್ಟಗೆ ಕೂತರಲ್ಲ, ಅದನ್ನು ನಾನೇ ಕೈಯಾರೆ ಬರೆದಿದ್ದೆ, ಆವರಣ ಹಾಕಿ. ನನಗೇ ಕಾಣಲಿಲ್ಲ.

ಗುಂಪಿನಿಂದ ಎದ್ದು ಸೀದಾ ಆರನೇ ರೂಮಿಗೆ ಹೋದೆ. ಆಗಲೇ ಮಾರ್ಫಿನ್ ಏರಿಸಿದ್ದರು. ಕಣ್ಣು ತೆರೆಯಲಿಲ್ಲ. ಶನಿವಾರ ಬೆಳಗಿನ ಜಾವ ಹೋದರು.

ಹೆಣ ಊರಿಗೆ ಸಾಗಿಸುವ ಆಂಬುಲೆನ್ಸ್ ಗೊತ್ತು ಮಾಡುತ್ತಿದ್ದೆ. ಅವರ ಹೆಂಡತಿ ಬಿಲ್ಲಿಂಗ್ ಕೌಂಟರ್ ಹತ್ತಿರ ನನ್ನನ್ನು ನಿಲ್ಲಿಸಿದರು. "ನಿಮ್ಮ ಮುಂದ ಹೇಳಿದ್ರೇನ್ರಿ ಅಯ್ಯನವರ?" ಅಂದರು. ಅದೇನು ಅಂತ ಆ ತಾಯಿಗೂ ಗೊತ್ತಿಲ್ಲ. ಊರ ಸ್ವಾಮಿಗಳ ಮುಂದೆ ಹೇಳಿ ಅಂತ ಅವರು ಅಂದಿದ್ದರಂತೆ. "ಸ್ವಾಮಿಗೆ ಹೇಳಿದ್ರ ಊರಿಗೇ ಹೇಳಿದಂಗ" ಅಂದಿದ್ದರಂತೆ ಗಂಡ. ಅದಕ್ಕೇ ಪಾದ್ರಿ ಬೇಕಾಗಿದ್ದು. ಇಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಹೌದು ಅಂತ ಸುಳ್ಳು ಹೇಳಲೂ ಆಗಲಿಲ್ಲ. ಸುಮ್ನೆ ತಲೆ ತಗ್ಗಿಸಿದೆ. ಅವರು ಅದನ್ನು ಹೇಗೆ ಅರ್ಥ ಮಾಡಿಕೊಂಡರೋ, ಕೈ ಮುಗಿದು ಹೋದರು.

ತರಬೇತಿಯ ಸೂಪರ್‌ವೈಸರ್ ನನ್ನನ್ನು ಪಾಸ್ ಮಾಡಲಿಲ್ಲ. ಮತ್ತೆ ಮೊದಲಿಂದ ಮಾಡು ಅಂದರು. ಅವರೇ ಕಮಿಲ್ಲಸ್ ಕಥೆ ಹೇಳಿದ್ದು. ಹದಿನಾರನೇ ಶತಮಾನದ ಇಟಲಿಯವನು, ಸಿಪಾಯಿ, ಮಹಾ ಜೂಜುಕೋರ. ಕಾಲಿನ ಹುಣ್ಣು ವಾಸಿಯಾಗದೆ ರೋಮಿನ ಒಂದು ಆಸ್ಪತ್ರೆ ಸೇರಿ ಅಲ್ಲೇ ಆಳಾಗಿ ದುಡಿದ. ಜೂಜು, ಜಗಳ ಅಂತ ಅಲ್ಲಿಂದ ಓಡಿಸಿದರು. ತಿರುಗಿ ಬಂದ. ಕೊನೆಗೆ ರೋಗಿಗಳ ಸೇವೆಗೇ ಒಂದು ಸಂಘ ಕಟ್ಟಿದ. ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಹಾಕಿಕೊಂಡ ಸಂಘ ಅದು, ಈಗಿನ ರೆಡ್ ಕ್ರಾಸ್ ಹುಟ್ಟುವುದಕ್ಕೆ ಮುನ್ನೂರು ವರ್ಷಕ್ಕೆ ಹತ್ತಿರ ಮೊದಲೇ. "ಅವನನ್ನೂ ಒಂದು ಸಲ ಆಚೆ ಹಾಕಿದ್ದರು, ನೀನೇನು ದೊಡ್ಡವನಾ?" ಅಂದರು. ಸಮಾಧಾನ ಹೇಳಿದರೋ ಬೈದರೋ ಇವತ್ತಿಗೂ ತಿಳಿದಿಲ್ಲ.

ಅಷ್ಟರಲ್ಲಿ ಕೋವಿಡ್ ಬಂತು, ತರಬೇತಿ ನಿಂತಿತು. ಕೈಗೆ ಬಂದಿದ್ದ ಕೆಲಸವೂ ಹೋಯಿತು. ಎರಡು ವರ್ಷ ಒಂದು ಆಸ್ಪತ್ರೆಯಲ್ಲಿ ಹಳೇ ಕಸುಬೇ ಮಾಡಿದೆ. ಪಿಪಿಇ ಕಿಟ್ ಒಳಗೆ ಬೆವರುತ್ತಾ, ಮನೆಯವರಿಗೆ ಕೊನೇ ಸಲ ಮುಖ ತೋರಿಸಲು ಮೊಬೈಲ್ ಹಿಡಿದು ನಿಂತೆ. 2022ರಲ್ಲಿ ತರಬೇತಿ ಮುಗಿಸಿದೆ. ಈಗ ಉತ್ತರ ಕರ್ನಾಟಕದ ಒಂದು ಮಿಷನ್ ಆಸ್ಪತ್ರೆಯಲ್ಲಿದ್ದೇನೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸಾವು ನೋಡಿದ್ದು ಅರ್ಹತೆಯೇ ಅಲ್ಲ. ಅಡ್ಡಿ ಅಂತ ಬೇಕಾದರೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಾವು ಸಾವು ನೋಡಿದ್ದು ಕೈತುಂಬ ಕೆಲಸ ಇಟ್ಟುಕೊಂಡು. ರಕ್ತ ಒತ್ತಿ ಹಿಡಿ, ಸೂಜಿ ಚುಚ್ಚು, ಸ್ಟ್ರೆಚರ್ ಎತ್ತು. ನೀವು ಇನ್‌ಫೆಂಟ್ರಿ ಆಗಿದ್ದರೂ ಅಷ್ಟೇ, ಕೈಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಚಾಪ್ಲಿನ್ ಖಾಲಿ ಕೈಯಲ್ಲಿ ಕೂರಬೇಕು. ಮೊದಲ ಆರು ತಿಂಗಳು ನಾನು ಏನೂ ತೋಚದೆ ಡ್ರಿಪ್ ಎಣಿಸುತ್ತಿದ್ದೆ. ವಾರ್ಡಿಗೆ ಕಾಲಿಟ್ಟ ಕೂಡಲೇ ಮನಸ್ಸು ತಾನಾಗಿ ಒಂದು, ಎರಡು, ಮೂರು ಅಂತ ಪ್ರಯಾರಿಟಿ ಹಾಕುತ್ತಿತ್ತು. ಮೂರನೇ ನಂಬರಿನವನು, ಕಾಲು ಮುರಿದು ಮಲಗಿದವನು, ರಾತ್ರಿಯೆಲ್ಲ ಅಳುತ್ತಿದ್ದದ್ದು ಹಾಗೇ ತಪ್ಪಿಹೋಯಿತು.

ಉಳಿದ ವಿವರ ಬೇಗ ಹೇಳಿಬಿಡುತ್ತೇನೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಕೆಲಸವನ್ನು ಹುಡುಕಬೇಡಿ, ಇರುವುದು ಹೆಚ್ಚಾಗಿ ಮಿಷನ್ ಆಸ್ಪತ್ರೆಗಳಲ್ಲಿ. ಅಲ್ಲಿ ದೇವಶಾಸ್ತ್ರದ ಡಿಗ್ರಿ, ನಿಮ್ಮ ಸಭೆಯ ಶಿಫಾರಸು ಕೇಳುತ್ತಾರೆ. ಸೇನೆಯಲ್ಲೇ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ ಅಂತ ಧರ್ಮಗುರು ಜೆಸಿಒಗಳನ್ನು (ಜೂನಿಯರ್ ಕಮಿಷನ್ಡ್ ಆಫೀಸರ್) ತೆಗೆದುಕೊಳ್ಳುತ್ತಾರಲ್ಲ, ಅದಕ್ಕೆ ವಯಸ್ಸಿನ ಮಿತಿ ಇದೆ, ನಮ್ಮಂಥ ನಿವೃತ್ತರಿಗೆ ಅಲ್ಲ. ಸಂಬಳ ನನ್ನ ಪೆನ್ಷನ್ನಿಗಿಂತ ಕಡಿಮೆ. ಮಗಳ ಮದುವೆ, ಮನೆ ಸಾಲ ಇದ್ದರೆ ಬ್ಯಾಂಕ್ ಗಾರ್ಡ್ ಕೆಲಸ ಹಿಡಿಯಿರಿ, ಅದರಲ್ಲಿ ಸಣ್ಣತನ ಏನೂ ಇಲ್ಲ. ನೀವು ಯಾವ ಧರ್ಮದವರು ಅಂತ ಬರೆದಿಲ್ಲ. ಕ್ರೈಸ್ತರಲ್ಲದಿದ್ದರೆ ಉಪಶಾಮಕ ಆರೈಕೆ ಕಡೆ ನೋಡಿ, ಅಂದರೆ ವಾಸಿಯಾಗದ ರೋಗಿಗಳ ನೋವು ತಗ್ಗಿಸುವ ಕೆಲಸ. ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಜಾಗಕ್ಕೆ ಒಂದು ಸಲ ಹೋಗಿ ಬನ್ನಿ. ಕೋಳಿಕ್ಕೋಡಿನ ಕಡೆ 1993ರಿಂದ ಈ ಕೆಲಸ ನಡೆದಿದೆ, ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ರೋಗಿಯ ಮನೆಗೆ ಹೋಗುತ್ತಾರೆ.

ಇನ್ನೊಂದು ವಿಷಯ, ಚಾಪ್ಲಿನ್ ಅಂದರೆ ನಮ್ಮ ರೋಗಿಗಳಿಗೆ ಚಾರ್ಲಿ ಚಾಪ್ಲಿನ್ನೇ ನೆನಪಾಗುವುದು. "ಅಯ್ಯನವರು" ಅಂದರೆ ಸಾಕು. ನನ್ನ ವಾರ್ಡಿನಲ್ಲಿ ಹೆಚ್ಚಿನವರು ಹಿಂದೂಗಳು, ಮುಸ್ಲಿಮರು. ಕೇಳದೆ ಪ್ರಾರ್ಥನೆ ಮಾಡುವುದಿಲ್ಲ. ಮೌಲ್ವಿ ಸಾಹೇಬರ ನಂಬರ್, ಮಠದ ನಂಬರ್ ಎರಡೂ ಫೋನಿನಲ್ಲಿವೆ. ದಿನದ ಅರ್ಧ ಹೊತ್ತು "ಬಿಲ್ಲಿನಾಗ ಸ್ವಲ್ಪ ಕಡಿಮಿ ಮಾಡ್ಸಿ ಕೊಡ್ರಿ" ಅನ್ನುವವರ ಜೊತೆ ಕಳೆಯುತ್ತದೆ. ಅದು ಆಧ್ಯಾತ್ಮ ಅಲ್ಲ ಅನ್ನುವವರು ಕೌಂಟರ್ ಮುಂದೆ ನಿಂತು ನೋಡಿಲ್ಲ.

ಈಗ ಫೌಜಿಗಳು ಬಂದರೆ ನಾನು ಬಾಯಿ ಬಿಡುವುದಿಲ್ಲ. ಹೋದ ತಿಂಗಳು ಒಬ್ಬ ಹಳೇ ನಾಯಕ್ ಇದ್ದರು, ಕಿಡ್ನಿ ತೊಂದರೆ. ಅವರ ಹಾಸಿಗೆಯ ಚಾದರ ಜಾರಿತ್ತು. ಮಾತಾಡುತ್ತಾ ಮೂಲೆ ಮಡಚಿ ಹಾಸಿಗೆ ಕೆಳಗೆ ಸೇರಿಸಿದೆ, ಅಭ್ಯಾಸಬಲ. ಅವರು ಆ ಮಡಿಕೆಯನ್ನೇ ನೋಡಿದರು.

"ಫೌಜ್‌ನಾಗ ಇದ್ರೇನ್ರಿ?"

"ಇದ್ದೆ. ಅದನ್ನ ಆಮೇಲೆ ಹೇಳ್ತೀನಿ" ಅಂದೆ. "ಈಗೇನೋ ಹೇಳ್ತಿದ್ರಲ್ಲ, ಹೇಳಿ."

ಅವರು ಗೋಡೆ ಕಡೆ ತಿರುಗಿ ಮಲಗಿದರು. ಎಷ್ಟೋ ಹೊತ್ತು ಕೂತೇ ಇದ್ದೆ. ಆಮೇಲೆ, ಗೋಡೆಗೇ ಹೇಳುವ ಹಾಗೆ, ಮಗನ ವಿಷಯ ಶುರು ಮಾಡಿದರು.