ಕಲ್ಲಿದ್ದಲು ಪ್ಲಾಂಟ್ ಬಿಟ್ಟು ಗ್ಯಾಸ್ ಪೀಕಿಂಗ್ ಪ್ಲಾಂಟಿಗೆ ಹೋಗಲೇ?

ನೀವು ಬರೆದು ಕೇಳಿದ್ದು ಓದಿದೆ: ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಪ್ಲಾಂಟಿನಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ಬೇಡಿಕೆ ಏರಿದಾಗ ಮಾತ್ರ ಓಡುವ ಹೊರರಾಜ್ಯದ ಗ್ಯಾಸ್ ಪ್ಲಾಂಟಿನಿಂದ ಆಫರ್, ಕಲ್ಲಿದ್ದಲಿಗೆ ಮುಂದೆ ಕಾಲವಿಲ್ಲ ಅನ್ನೋ ಭಯ. ತಮ್ಮಾ, ಇದು ನನ್ನದೇ ಕತೆ.

ನಾನು 210 ಮೆಗಾವಾಟ್ ಯೂನಿಟ್‌ಗಳ ಮೇಂಟೆನೆನ್ಸ್‌ನಲ್ಲಿ ಕೆಲಸ ಕಲಿತವನು. ತಣ್ಣಗಾದ ಬಾಯ್ಲರ್ ಹೊತ್ತಿಸಿ ಗ್ರಿಡ್‌ಗೆ ಸೇರಿಸಲು ಅರ್ಧ ದಿನ ಬೇಕು, ಸೇರಿತು ಅಂದ್ರೆ ವಾರಗಟ್ಟಲೆ ಓಡೋದೇ. ಹಾಗಾಗಿ ನಾವು ಎಣಿಸುತ್ತಿದ್ದದ್ದು ಮಷಿನ್ ಓಡಿದ ಗಂಟೆ. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಗ್ಯಾಸ್ ಪ್ಲಾಂಟಿಗೆ ಹೋದೆ.

ಅಲ್ಲಿದ್ದದ್ದು ಓಪನ್ ಸೈಕಲ್ ಟರ್ಬೈನ್. ಬಾಯ್ಲರ್ ಇಲ್ಲ, ಗ್ಯಾಸ್ ಉರಿದ ಬಿಸಿ ಗಾಳಿಯೇ ಬ್ಲೇಡ್ ತಿರುಗಿಸುತ್ತದೆ, ಅರ್ಧ ಗಂಟೆಯೊಳಗೆ ಫುಲ್ ಲೋಡ್. ದಿನಾ ಓಡುತ್ತಿದ್ದದ್ದು ಬೆಳಿಗ್ಗೆ ಎರಡು ತಾಸು, ಹೊತ್ತು ಮುಳುಗಿ ಸೋಲಾರ್ ಇಳಿದ ಮೇಲೆ ಮೂರು ತಾಸು. ಉಳಿದಂತೆ ನಿಂತೇ ಇರುತ್ತಿತ್ತು. ದಿನಕ್ಕೆ ಎರಡು ಸ್ಟಾರ್ಟ್.

ಆ ಮಷಿನ್ನಿನ ಮ್ಯಾನುಯಲ್‌ನಲ್ಲಿ ಕಂಬಶ್ಚನ್ ಇನ್‌ಸ್ಪೆಕ್ಷನ್, ಅಂದ್ರೆ ಗ್ಯಾಸ್ ಉರಿಯುವ ಭಾಗ ಬಿಚ್ಚಿ ನೋಡೋದು, 8,000 ಗಂಟೆಗೆ ಇಲ್ಲವೇ 450 ಸ್ಟಾರ್ಟ್‌ಗೆ, ಯಾವುದು ಮೊದಲೋ ಅದಕ್ಕೆ ಅಂತಿತ್ತು. ನಾನು ನೋಡಿದ್ದು ಗಂಟೆಯ ಕಾಲಂ ಮಾತ್ರ. ಆಪರೇಟರ್ ಹುಡುಗ ಬಂದು "ಸರ್, ಸ್ಟಾರ್ಟ್ 460 ದಾಟಿದೆ" ಅಂದ. "ಇನ್ನೂ 1,150 ಗಂಟೆ ಓಡೈತಿ, ಬೇಸಿಗೆ ಮುಗೀಲಿ" ಅಂದು ಸಹಿ ಹಾಕಿದೆ. ಕಾದ ಹಂಚಿಗೆ ತಣ್ಣೀರು ಬಿದ್ದರೆ ಏನಾಗುತ್ತದೆ? ಒಂದೇ ಉರಿಯಲ್ಲಿ ದಿನವಿಡೀ ರೊಟ್ಟಿ ಸುಟ್ಟರೂ ಹಂಚು ಬಾಳುತ್ತದೆ, ಕಾಯಿಸಿ ಆರಿಸಿ ಕಾಯಿಸಿದರೆ ಬಾಳಲ್ಲ. ಗ್ಯಾಸ್ ಟರ್ಬೈನಿನ ಲೈನರ್, ಅಂದ್ರೆ ಬೆಂಕಿ ಉರಿಯುವ ಕೋಣೆಯ ಲೋಹದ ಒಳಹೊದಿಕೆ, ಸವೆಯೋದೂ ಹಾಗೆಯೇ. ಅದರ ಮೇಲೆ ಫುಲ್ ಲೋಡ್‌ನಲ್ಲಿ ಟ್ರಿಪ್ ಆದರೆ, ಅಂದ್ರೆ ಓಡುತ್ತಿದ್ದದ್ದು ಒಮ್ಮೆಲೇ ನಿಂತರೆ, ಆ ಒಂದೇ ಟ್ರಿಪ್ ಎಷ್ಟೋ ಸ್ಟಾರ್ಟ್‌ಗೆ ಸಮ. ನಮ್ಮಲ್ಲಿ ಅಂಥ ಟ್ರಿಪ್ ಆರಾಗಿದ್ದವು, ಅವನ್ನೂ ನಾನು ಒಂದೊಂದೇ ಸ್ಟಾರ್ಟ್ ಅಂತ ಬರೆದಿದ್ದೆ. ಬಿಸಿ ಗಾಳಿ ಹೊರಹೋಗುವ ಎಕ್ಸಾಸ್ಟ್‌ನಲ್ಲಿ ಒಂದು ಕಡೆಯ ಉಷ್ಣತೆ ಉಳಿದವಕ್ಕಿಂತ ಬೇರೆ ತೋರಿಸತೊಡಗಿತು. ಒಳಗೆ ಬೆಂಕಿ ಸರಿಯಾಗಿ ಉರಿಯುತ್ತಿಲ್ಲ ಅಂತ ಮಷಿನ್ನೇ ಹೇಳುತ್ತಿತ್ತು. ನಾನು ಉಷ್ಣತೆ ಅಳೆಯುವ ಥರ್ಮೋಕಪಲ್ ಬದಲಿಸಿ ಸುಮ್ಮನಾದೆ.

ಏಪ್ರಿಲ್‌ನಲ್ಲಿ ಒಂದು ಸಂಜೆ ಲೈನರ್ ಚೂರು ಮುರಿದು ಬ್ಲೇಡಿಗೆ ಬಡಿಯಿತು. ಕವರ್ ಬಿಚ್ಚಿದಾಗ ಕಂಡ ಲೋಹ, ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರಿಯುತ್ತದಲ್ಲ, ಹಾಗೆ ಬಿರಿದಿತ್ತು. ಬಿರುಕಿನೊಳಗೆ ಉಗುರು ಹೋಗುತ್ತಿತ್ತು. ಗ್ರಿಡ್‌ಗೆ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಮಷಿನ್ ಮಲಗಿತು, ನನ್ನ ಕೆಲಸವೂ ಹೋಯಿತು.

ಈಗ ನಿಮ್ಮ ಪ್ರಶ್ನೆ. ಕಲ್ಲಿದ್ದಲೋ ಗ್ಯಾಸೋ ಅಂತ ಕೇಳೋದೇ ತಪ್ಪು ಅಂತೀನಿ. ಪಾವಗಡದ ಸೋಲಾರ್ ಜೋರಿದ್ದಾಗ ಶಕ್ತಿನಗರಕ್ಕೂ ಲೋಡ್ ಇಳಿಸಿ ಅಂತಾರೆ, ಸಂಜೆಗೆ ಏರಿಸಿ ಅಂತಾರೆ. ಏರಿಳಿತದ ಕೆಲಸ ನಿಮ್ಮ ಯೂನಿಟ್ಟಿಗೇ ಬಂದಾಗಿದೆ. ನಮ್ಮ ರಾಜ್ಯದ ಸಂಜೆಯ ಭಾರ ಹೊರುವುದರಲ್ಲಿ ಶರಾವತಿ ನೀರಿನ ಪಾಲು ದೊಡ್ಡದು; ರಾಜ್ಯದ ವಿದ್ಯುತ್ ನಿಗಮ ಕೆಪಿಸಿಯ ಗ್ಯಾಸ್ ಅಂದ್ರೆ ಯಲಹಂಕದ 370 ಮೆಗಾವಾಟ್, ಅದೂ ಕಂಬೈನ್ಡ್ ಸೈಕಲ್, ಅಂದ್ರೆ ಹೊರಬಂದ ಬಿಸಿ ಗಾಳಿಯಿಂದ ಹಬೆ ಮಾಡಿ ಇನ್ನೊಂದು ಟರ್ಬೈನ್ ತಿರುಗಿಸೋದು. ದೇಶದಲ್ಲಿ ಸುಮಾರು 20,000 ಮೆಗಾವಾಟ್ ಗ್ಯಾಸ್ ಪ್ಲಾಂಟ್ ಇದ್ದರೂ ಬಹಳಷ್ಟು ಸುಮ್ಮನೆ ನಿಂತಿವೆ. ದೇಶದ ಗ್ಯಾಸ್ ಸಾಲದು, ಹೊರಗಿಂದ ದ್ರವ ಮಾಡಿ ತರಿಸುವ ಗ್ಯಾಸ್, ಎಲ್‌ಎನ್‌ಜಿ, ದುಬಾರಿ. ಆಫರ್ ಕೊಟ್ಟವರಿಗೆ ಗ್ಯಾಸ್ ಎಲ್ಲಿಂದ ಬರುತ್ತದೆ ಅಂತ ಮೊದಲು ವಿಚಾರಿಸ್ರಿ.

ಆಮೇಲೆ ಕಳೆದ ವರ್ಷ ಎಷ್ಟು ಸ್ಟಾರ್ಟ್, ಅದರಲ್ಲಿ ಫುಲ್ ಲೋಡ್ ಟ್ರಿಪ್ ಎಷ್ಟು ಅಂತ ಕೇಳ್ರಿ. ರಿಜಿಸ್ಟರ್ ತೆಗೆದು ತೋರಿಸಿದರೆ ಹೋಗ್ರಿ. ಗಂಟೆ ಲೆಕ್ಕ ಹೇಳಿದರೆ ಶಕ್ತಿನಗರದಲ್ಲೇ ಇರ್ರಿ.