ನಾಲ್ಕನೇ ತಂತಿಯನ್ನು ಯಾಕೆ ಬಿಟ್ಟಿರಿ?

ವಿರಾಜಪೇಟೆಯ ಗೆಳೆಯರೇ,

ಕ್ಲಾಸಿಕಲ್ ಗಿಟಾರಿಗೆ ಸ್ವಂತ ರಚನೆ ಮಾಡುತ್ತ ಸ್ಕೇಲು, ಹಾರ್ಮನಿ ಕಲಿತ ಬಗ್ಗೆ ನೀವು ಕಳಿಸಿದ ಪ್ರಬಂಧ ಓದಿದೆ. ಭಾಷೆ ಸಲೀಸಾಗಿದೆ. ಕಾಗುಣಿತದ ತಪ್ಪು ಕಡಿಮೆ. ಆದರೂ ಎರಡು ಸಲ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದೆ.

ಎರಡನೇ ಪುಟದ ಈ ಸಾಲು ನೋಡಿ: ‘ಇ ಸ್ವರವನ್ನು ಷಡ್ಜ ಮಾಡಿಕೊಂಡು ಕೀರವಾಣಿ ನುಡಿಸಿದೆ. ಬಿ ಮೈನರ್ ಕಾರ್ಡ್ ಸೇರುತ್ತಲೇ ತಂತಿಗಳು ಅತ್ತವು, ಹೊರಗೆ ಮಂಜೂ ಅತ್ತಿತು.’

ಬಿ ಮೈನರ್ ಕಾರ್ಡ್ ಅಂದರೆ ಬಿ, ಡಿ, ಎಫ್ ಶಾರ್ಪ್ ಮೂರು ಸ್ವರ ಒಟ್ಟಿಗೆ. ಕೀರವಾಣಿ ರಾಗದ್ದು ಕಾಕಲಿ ನಿಷಾದ, ಅಂದರೆ ಮೇಲಿನ ಷಡ್ಜಕ್ಕೆ (‘ಸ’ಗೆ) ತೀರ ಹತ್ತಿರದ ‘ನಿ’. ಇ ಷಡ್ಜವಾದರೆ ಅದು ಡಿ ಶಾರ್ಪ್, ಡಿ ಅಲ್ಲ. ನನಗೆ ಗಿಟಾರ್ ಬರುವುದಿಲ್ಲ. ಪಕ್ಕದ ಮನೆ ಹುಡುಗನದ್ದು ತಂದು ಮೀಟಿ ನೋಡಿದೆ. ನಾಲ್ಕನೇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಡಿ. ಮೊದಲ ಫ್ರೆಟ್, ಅಂದರೆ ಗಿಟಾರಿನ ಕುತ್ತಿಗೆಯ ಮೊದಲ ಮನೆ, ಒತ್ತಿದರೆ ಡಿ ಶಾರ್ಪ್. ಒತ್ತದಿದ್ದರೆ ನಿಮ್ಮ ಸ್ವರಗಳು 20ನೇ ಮೇಳ (ಮೂಲ ರಾಗ) ನಠಭೈರವಿಯವು, ಪಾಶ್ಚಾತ್ಯರ ನ್ಯಾಚುರಲ್ ಮೈನರ್. ಒತ್ತಿದರೆ 21ನೇ ಮೇಳ ಕೀರವಾಣಿ, ಅವರ ಹಾರ್ಮಾನಿಕ್ ಮೈನರ್. ಆಗ ಬಿ ಮೈನರ್ ಹೋಗಿ ಬಿ ಮೇಜರ್ ಬರುತ್ತದೆ. ಆ ಡಿ ಶಾರ್ಪ್, ಸಂಜೆ ಕೊಟ್ಟಿಗೆ ಕಡೆ ಹೊರಟ ದನದ ಹಾಗೆ ಇ ಕಡೆಗೆ ಎಳೆಯುತ್ತದೆ. ಬರೀ ಡಿಗೆ ಆ ಅವಸರ ಇಲ್ಲ.

ಬೇಕಂತಲೇ ಬಿ ಮೈನರ್ ಹಾಕಿದ್ದರೆ ತಪ್ಪಲ್ಲ. ಡಿ, ಡಿ ಶಾರ್ಪ್ ಎರಡನ್ನೂ ಬೆರೆಸುವವರಿದ್ದಾರೆ. ಆದರೆ ಹಾಗಂತ ನೀವು ಎಲ್ಲೂ ಹೇಳಿಲ್ಲವಲ್ಲ! ಇದು ಒಂದು ಬೆರಳಿನ ವಿಷಯ. ನೀವು ಕಲಿತದ್ದೆಲ್ಲ ಆ ಬೆರಳಿನಲ್ಲೇ ಇತ್ತು. ಅದನ್ನು ಬಿಟ್ಟು ತಂತಿಗಳು ಸುಮ್ನೆ ಅಳುವ ಹಾಗೆ ಮಾಡಿದಿರಿ.

ಇನ್ನು ಮಂಜು. ನಾಲ್ಕು ಪುಟದಲ್ಲಿ ಹನ್ನೊಂದು ಸಲ ಬಂದಿದೆ, ಎಣಿಸಿದೆ. ಮಂಜು ಇಲ್ಲದಿದ್ದರೆ ನಾವು ಕೊಡಗಿನವರು ಅಂತ ಯಾರೂ ನಂಬುವುದಿಲ್ಲವೇ? ಮಳೆಗಾಲದಲ್ಲಿ ಗಿಟಾರಿನ ಮರ ತೇವ ಹೀರಿ ಉಬ್ಬುತ್ತದೆ, ಶ್ರುತಿ ನಿಲ್ಲುವುದಿಲ್ಲ. ಜುಲೈಯಲ್ಲಿ ಬಿರಡೆ ತಿರುಗಿಸುತ್ತ ಎಷ್ಟು ಸಲ ಬೈದುಕೊಂಡಿರಿ? ಅದರ ಬಗ್ಗೆ ಒಂದು ಸಾಲೂ ಇಲ್ಲ.

ನನಗೂ ಈ ಕಾಯಿಲೆ ಇತ್ತು. ಮಡಿಕೇರಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಅಚ್ಚಿನ ಮೊಳೆ ಜೋಡಿಸುವ ಕಾಲ. ಹುತ್ತರಿ ಹಬ್ಬದ ವರದಿಯಲ್ಲಿ ‘ದುಡಿಯ ನಾದ ಮುಗಿಲು ಮುಟ್ಟಿತು’ ಅಂತ ಬರೆದೆ. ಮೊಳೆ ಜೋಡಿಸುತ್ತಿದ್ದ ಅಣ್ಣ ಕೈ ನಿಲ್ಲಿಸಿ, “ದುಡಿಯನ್ನು ಯಾವ ಕೈಯಲ್ಲಿ ಹಿಡಿದಿದ್ದರು?” ಅಂತ ಕೇಳಿದರು. ಗೊತ್ತಿರಲಿಲ್ಲ. ಹಬ್ಬದ ಕುಣಿತ ನಡೆಯುವ ಊರ ಬಯಲು, ಮಂದಿನಲ್ಲಿ ಎರಡು ಗಂಟೆ ನಿಂತು ಬಂದಿದ್ದೆ, ಆದರೂ ಗೊತ್ತಿರಲಿಲ್ಲ. ಅವರು ಬೈಯಲಿಲ್ಲ. ಆ ಸಾಲಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು ಗೂಡಿಗೆ ಹಾಕಿದರು. ನಾನು ನೋಡುತ್ತ ನಿಂತಿದ್ದೆ.

ಎರಡನೇ ಪುಟ ಮಾತ್ರ ತಿರುಗಿ ಬರೆದು ಕಳಿಸಿ. ಬಿ ಮೈನರ್ ಬೇಕೇ ಬೇಕು ಅನ್ನಿಸಿದರೆ ಇರಲಿ, ಯಾಕೆ ಅಂತ ಬರೆಯಿರಿ. ಗಿಟಾರನ್ನು ನಾಳೆ ವಾಪಸು ಕೊಡಬೇಕು, ಸ್ವಲ್ಪ ಬೇಗ.